ಇದು ನಮ್ಮದು

“ನೀರಿನಿಂದಾದ ನಷ್ಟಕ್ಕೆ ಕೊಡ್ತೀವಮ್ಮ, ಬೂಷ್ಟಿಗೆ ಕೊಡಲ್ಲ,” ಎಂದ ವಿಮಾ ಕಂಪನಿಯ ಕಾಲ್ಚೆವ್, ಕೋಣೆಯ ಗೋಡೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ. “ಬೂಷ್ಟು ಬರೋದು ಕಿಟಕಿ ತೆಗೀದೆ ಬದುಕೋರ ಮನೇಲಿ. ಎಲ್ಲರೂ ಅದನ್ನ ಪೈಪಿನ ತಲೆಗೇ ಕಟ್ತಾರೆ.”

ಝ್ಲಾತಿನಾಳೂ ಗಂಡ ಗಂಚೊನೂ ದ್ರಾಕ್ಷಿ ಕೊಯ್ಲಿಗೆಂದು ನಾದಿನಿಯ ಹಳ್ಳಿಗೆ ಹೋಗಿದ್ದಾಗ ಮೇಲಿನ ಮನೆಯವರ ಬಿಸಿನೀರಿನ ಪೈಪು ಒಡೆದಿತ್ತು. ಮರಳಿ ಬಂದು ಬೀಗ ತೆಗೆದರೆ ಈ ಕೋಣೆಯಲ್ಲಿ ಚಾವಣಿಯಿಂದ ನೆಲದವರೆಗೂ ಕಪ್ಪು ಬೂಷ್ಟು. ಮಗಳು ನೆದ್ಯಾಲ್ಕಾ ಬಾಣಂತನಕ್ಕೆ ಬರಬೇಕಾದ ಕೋಣೆ ಅದು. ಗಾರೆ ಕಿತ್ತು ಹೊಸದಾಗಿ ಹಾಕಿಸುವ ತನಕ ಕೂಸನ್ನು ಅಲ್ಲಿ ಮಲಗಿಸಲೇ ಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

“ಅಡುಗೆಮನೆಗೆ ಬನ್ನಿ,” ಎಂದಳು ಝ್ಲಾತಿನಾ.

ಗಂಚೊನ ಮುಖ ಬಿಳಿಚಿಕೊಂಡಿತು. “ಅಲ್ಲೇನಿದೆ? ಕಾಫಿ ಇಲ್ಲಿಗೇ ತಾರೆ.”

“ಕಾಫಿ ಆಮೇಲೆ. ಫ್ರಿಜ್ ಎಳೀರಿ.”

“ಲೇ, ತಲೆ ಕೆಟ್ಟಿದೆಯಾ ನಿನಗೆ!” ಎಂದು ಗಂಚೊ ಅವಳ ಕಿವಿಯಲ್ಲಿ ಗುರುಗುಟ್ಟಿದ. ಬೆಳಿಗ್ಗೆಯಷ್ಟೇ ಬೆವರು ಸುರಿಸಿ ಅದನ್ನು ಆ ಮೂಲೆಗೆ ನೂಕಿದವನು ಅವನೇ. ಝ್ಲಾತಿನಾ ಕಾಯಲಿಲ್ಲ, ಸೆರಗೊಂದಿದ್ದರೆ ಸೊಂಟಕ್ಕೆ ಸಿಕ್ಕಿಸುತ್ತಿದ್ದಳೇನೋ, ಹಾಗೆ ನಿಂತು ಫ್ರಿಜ್ಜನ್ನು ತಾನೇ ಎಳೆದಳು. ಹಿಂದಿನ ಗೋಡೆಯ ತುಂಬ ಬೂದು ಬೂಷ್ಟು.

“ಇದು ನಮ್ಮದು,” ಎಂದಳು. “ಚಳಿಗಾಲಕ್ಕೆ ಅಂತ ವರ್ಷಾ ವರ್ಷಾ ಟೊಮೇಟೊ, ಮೆಣಸಿನಕಾಯಿ ಬೇಯಿಸಿ ಬಾಟ್ಲಿಗೆ ತುಂಬ್ತೀನಿ. ಇವರು ಥಂಡಿ ಅಂತ ಕಿಟಕಿ ತೆಗೆಯೋಕೆ ಬಿಡಲ್ಲ. ಇದಕ್ಕೆ ನೀವು ಬಿಡಿಗಾಸೂ ಕೊಡಬೇಡಿ. ನಿಮ್ಮ ಯಂತ್ರ ಇಲ್ಲಿಟ್ಟು ನೋಡಿ, ಆಮೇಲೆ ಅಲ್ಲಿಟ್ಟು ನೋಡಿ. ಎರಡೂ ಒಂದೇ ಅಂತ ನಿಮ್ಮ ಬಾಯಲ್ಲಿ ಬಂದ್ರೆ ನಾನು ಇನ್ನೊಂದು ಮಾತಾಡಲ್ಲ.”

ಕಾಲ್ಚೆವ್ ತೇವ ಅಳೆಯುವ ಯಂತ್ರವನ್ನು ಗೋಡೆಗೆ ಒತ್ತಿದ. ಅದು ಸದ್ದು ಮಾಡಲಿಲ್ಲ. ಉಗುರಿನಿಂದ ಕೆರೆದ, ಬೂಷ್ಟಿನ ಅಡಿಯಲ್ಲಿ ಗಟ್ಟಿಯಾದ ಒಣ ಗಾರೆ. ಕೋಣೆಗೆ ಮರಳಿ ಅಲ್ಲಿ ಒತ್ತಿದಾಗ ಯಂತ್ರ ಕಿರುಚಿಕೊಂಡಿತು. ಗಾರೆ ನೆನೆದ ರೊಟ್ಟಿಯಂತೆ ಬೆರಳಿಗೇ ಬಂತು. ಕುರ್ಚಿ ಹತ್ತಿ ಚಾವಣಿಯನ್ನು ಬಹಳ ಹೊತ್ತು ಪರೀಕ್ಷಿಸಿದ. ಗಂಚೊ ಬಾಗಿಲಿಗೊರಗಿ ನೋಡುತ್ತಿದ್ದ.

“ಈ ಕೋಣೆ ಪೂರ್ತಿ ಬರ್ಕೊಂಡಿದ್ದೀನಿ,” ಎಂದ ಕಾಲ್ಚೆವ್ ಇಳಿದು. “ನೀರೂ, ಬೂಷ್ಟೂ. ಗಾರೆಯವರನ್ನ ಕರೆಸ್ಕೊಳ್ಳಿ.”

ಗಂಚೊ ಹಣ್ಣಿನ ಸಾರಾಯಿ ರಕಿಯಾದ ಬಾಟ್ಲಿಗೆ ಕೈಹಾಕಿದ. ಕೆಲಸದ ಮೇಲಿದ್ದೇನೆ, ಬೇಡವೆಂದು ಕಾಲ್ಚೆವ್ ತಲೆಯಾಡಿಸಿ, ಶೂ ಹಾಕಿಕೊಂಡು ಹೊರಟ. ಬಾಗಿಲ ಬಳಿ ನಿಂತು, ಮೆಟ್ಟಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ಅಮ್ಮಾ, ಆ ಬೂದು ಬೂಷ್ಟು ಏನು ಹಾಕಿ ಉಜ್ಜಿದ್ರೆ ಹೋಗುತ್ತೆ? ನಮ್ಮನೇಲೂ ಇದೆ. ಯಾರಾದ್ರೂ ಬಂದ್ರೆ ಬೀರು ಅಡ್ಡ ಇಡ್ತೀವಿ.”