ಕೊಡುವ ಮಾತು

ಇಪ್ಪತ್ತು ವರ್ಷದಿಂದ ಕಂಪನಿ ಯಜಮಾನರ ಕಾರು ಓಡಿಸುತ್ತಿದ್ದ ಶಿವನಂಜು, ಹಿಂದಿನ ಸೀಟಿನ ಮಾತನ್ನು ಆ ದಿನದವರೆಗೆ ಎಂದೂ ಕಾರಿನಿಂದ ಕೆಳಗಿಳಿಸಿದವನಲ್ಲ.

"ಮಾತುಕತೆ ಮುಗೀತು. ಮುಂಬೈಯವರಿಗೇ ಕೊಡೋದು ಅಂತ ಆಯ್ತು," ಎಂದು ಯಜಮಾನರು ಫೋನಿನಲ್ಲಿ ಹೇಳುತ್ತಿದ್ದರು. "ಕೈಯಾರೆ ಬೆಳೆಸಿದ್ದಲ್ವಾ, ಕೊಡೋಕೆ ಕರುಳು ಚುರ್ ಅನ್ನುತ್ತೆ."

ಕಂಪನಿಯನ್ನೇ ಮಾರುತ್ತಿದ್ದಾರೆ! ಷೇರುಪೇಟೆಯಲ್ಲಿ ಆಡುವ ಭಾವನ ಮುಂದೆ ಶಿವನಂಜುವಿಗೆ ಬಾಯಿ ತಡೆಯಲಿಲ್ಲ. ಮಾರಾಟದ ಸುದ್ದಿಗೆ ಷೇರು ಜಿಗಿಯುತ್ತದೆಂದು ಭಾವ ಅಂದೇ, ಷೇರು ಏರಿದರೆ ಹಲವು ಪಟ್ಟು ಲಾಭ, ಏರದಿದ್ದರೆ ಹಾಕಿದ ದುಡ್ಡೂ ಮುಳುಗುವ ಆಪ್ಷನ್ ಕೊಂಡರು. ನಾಲ್ಕು ಜನರ ಕಿವಿಗೂ ಹಾಕಿದರು. ವಾರದೊಳಗೆ ಗಾಳಿಸುದ್ದಿ ಪೇಟೆಯೆಲ್ಲ ಹಬ್ಬಿತು.

ಭಾವ ಫೋನು ಮಾಡಿದರು. "ಷೇರು ಇನ್ನೂ ಇದ್ದಲ್ಲೇ ಇದೆ ಕಣೋ, ಬರೀ ಸುದ್ದಿಗೇ ಆಪ್ಷನ್ ರೇಟು ಮೂರು ಪಟ್ಟು ಉಬ್ಬಿದೆ!"

"ಮಾರಿಬಿಡಿ ಭಾವ. ಉಂಡ ಮನೆಗೆ ಎರಡು ಬಗೆದೆ ಅಂತ ನಂಗೆ ಅನ್ನ ಸೇರ್ತಿಲ್ಲ."

"ಮಾರೋದಾ? ನಿಮ್ಮಕ್ಕನ ಬಳೆ ಅಡವಿಟ್ಟು ಇವತ್ತು ಇನ್ನಷ್ಟು ತಗೊಂಡೆ. ಸುದ್ದಿ ಸುಳ್ಳಾದ್ರೆ ತಾನೇ ರೇಟು ಇಳಿಯೋದು? ನೀನೇ ಕಿವಿಯಾರೆ ಕೇಳಿದ್ದೀಯಲ್ಲ!"

ಮರುದಿನ ಬೆಳಿಗ್ಗೆ ಯಜಮಾನರು ಕರೆಸಿದರು. ಎಲ್ಲ ಗೊತ್ತಾಗಿದೆ, ಕಾಲಿಗೆ ಬಿದ್ದು ಒಪ್ಪಿಕೊಂಡುಬಿಡುತ್ತೇನೆ ಎಂದುಕೊಂಡು ಶಿವನಂಜು ತಲೆ ತಗ್ಗಿಸಿ ನಿಂತ. ಯಜಮಾನರು ಒಂದು ಲಕೋಟೆಯನ್ನು ಅವನ ಕೈಗಿಟ್ಟರು. ಕೆಲಸದಿಂದ ತೆಗೆದ ಪತ್ರವೇ ಇರಬೇಕು.

"ಮಗಳನ್ನ ಕೊಡೋ ಮಾತು ಮೊದಲು ನಿನ್ನ ಕಿವಿಗೇ ಬಿದ್ದಿದ್ದು ಶಿವನಂಜು. ಆದ್ರೂ ಒಬ್ಬರ ಹತ್ರಾನೂ ಬಾಯಿ ಬಿಡಲಿಲ್ಲ ನೋಡು, ಅದಕ್ಕೇ ಮೊದಲ ಲಗ್ನಪತ್ರಿಕೆ ನಿನಗೆ."