ಕಿಟಕಿಯ ಇಟ್ಟಿಗೆ

ಗ್ಯಾಸಿನಿಂದ ಕರೆಂಟು ಮಾಡುವ ಊರಿನ ಸಣ್ಣ ಸ್ಥಾವರ ಈಗ ಹೊಗೆ ಬಿಡುತ್ತಿರಲಿಲ್ಲ. ಹೊಗೆಯನ್ನೆಲ್ಲ ಒತ್ತಿ ಕಪ್ಪು ಇಟ್ಟಿಗೆ ಮಾಡುತ್ತಿದ್ದರು. ಯಾರು ಎಷ್ಟು ಕರೆಂಟು ಉರಿಸುತ್ತಾರೋ ಅಷ್ಟು ಇಟ್ಟಿಗೆ ಅವರ ಮನೆಯೊಳಗೇ ಇರಬೇಕು. ಎಂದಿನಂತೆ ಬೆಳಿಗ್ಗೆ ಸ್ಥಾವರದ ಮೈನುದ್ದೀನ ಗಾಡಿ ತಳ್ಳಿಕೊಂಡು ಶರಣಮ್ಮನ ಬಾಗಿಲಿಗೆ ಬಂದ.

"ಇವತ್ತಿಂದು ಎಲ್ಲಿ ಇಡಬೇಕ್ರಿ, ಅಕ್ಕಾರ?"

ಅಡುಗೆಮನೆ ತುಂಬಿತ್ತು. ಮಂಚದ ಕೆಳಗೂ ಜಾಗವಿರಲಿಲ್ಲ. ಮಂಚದ ಮೇಲೆ ಮಗಳು ಉಸಿರಾಟದ ಯಂತ್ರ ಹಚ್ಚಿಕೊಂಡು ಮಲಗಿದ್ದಳು. ಅದನ್ನು ಒಂದು ಗಳಿಗೆಯೂ ನಿಲ್ಲಿಸುವಂತಿರಲಿಲ್ಲ. ಇಟ್ಟಿಗೆ ಪೇರಿಸಿದ ಕಿಟಕಿಯಲ್ಲಿ ಉಳಿದಿದ್ದ ಒಂದೇ ಸಂದಿಯಿಂದ ಅವಳು ಅಚ್ಚ ನೀಲಿ ಆಕಾಶ ನೋಡುತ್ತಿದ್ದಳು.

"ಅಲ್ಲೇ ಇಡಪಾ," ಎಂದಳು ಶರಣಮ್ಮ.

ಇಟ್ಟಿಗೆ ಸಂದಿಯಲ್ಲಿ ಕೂತಿತು. ಕೋಣೆ ಕತ್ತಲಾಯಿತು.

"ಅವ್ವಾ, ಲೈಟ್ ಹಾಕು."

ಶರಣಮ್ಮ ಗೋಡೆ ತಡವಿ ಸ್ವಿಚ್ ಒತ್ತಿದಳು.

ಮೈನುದ್ದೀನ ತಲೆ ತಗ್ಗಿಸಿದ. "ನಾಳಿಂದ ಎರಡು ತರತೀನ್ರಿ, ಅಕ್ಕಾರ."