ತಗಡಿನ ಕೋಣೆಯ ಸೀಸೆಗಳು

"ಬಾಯಿ ತೆಗೀರಿ."

ಯಶವಂತ ಟೆಂಪೊದಿಂದ ಇಳಿದು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಹೆಂಡತಿ ನೀಲಗಂಗಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವನು ಬಾಯಿ ತೆಗೆದ. ವರ್ಷದಿಂದ ದಿನಾ ತೆಗೆಯುತ್ತಿದ್ದ. ಅದು ಆ ಮನೆಯ ಕಾನೂನು. ಅವಳು ಮೂಗು ತಂದು ಉಸಿರೆಳೆದಳು.

ಬಾಳೆಹಣ್ಣು. ಕಳಿತು ಕಪ್ಪಾದ ಬಾಳೆಹಣ್ಣು.

"ಕಮಲಾಪುರದಿಂದ ಕೆಂಪು ಬಾಳಿ ಹೇರ್ಕೊಂಡು ಕಲಬುರಗಿಗೆ ಹೋಗಿ ಬಂದೀನಿ. ಮಲ್ಲಿಗಿ ವಾಸನಿ ಬರ್ತದೇನು?" ನಗಲು ನೋಡಿದ.

"ಹಣ್ಣು ಟೆಂಪೊದಾಗ ಹೇರ್ತಾರ್ರೀ, ಬಾಯಾಗಲ್ಲ."

ಅವನು ಒಳಗೆ ನುಗ್ಗಿ ಕೊಡಕ್ಕೇ ಬಾಯಿ ಹಚ್ಚಿ ನೀರು ಕುಡಿದ. ಆ ದಾಹ ಅವಳಿಗೆ ಗೊತ್ತಿತ್ತು. ಹತ್ತು ವರ್ಷ ಕುಡುಕನೊಡನೆ ಬಾಳಿದ್ದಳು.

ಹೋದ ಬೇಸಿಗೆಯಲ್ಲಿ ಕುಡಿದು ಟೆಂಪೊ ಪಲ್ಟಿ ಮಾಡಿದ್ದ. ಪಕ್ಕದಲ್ಲಿ ಮಗಳು ಶೀಲಾ ಕೂತಿದ್ದಳು. ಆರು ವರ್ಷದ ಹುಡುಗಿಯ ಬಲಗೈ ಇನ್ನೂ ನೆಟ್ಟಗಾಗಿಲ್ಲ. ಅಂದೇ ಮಗಳ ತಲೆ ಮುಟ್ಟಿ ಆಣೆ ಮಾಡಿದ. ನೀಲಗಂಗಮ್ಮನೂ ಒಂದು ಮಾತು ಹೇಳಿದಳು: ಇನ್ನೊಂದು ಹನಿ ಬಾಯಿಗೆ ಬಿದ್ದರೆ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ.

ಹನ್ನೊಂದು ತಿಂಗಳು ಆಣೆ ನಿಂತಿತು. ಆಮೇಲೆ ಪೆಟ್ಟಿಗೆ ಬಂತು.

ತಂದವನು ಅವಳ ತಮ್ಮ ಶಿವಶರಣ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಬಾರ್ ನಡೆಸುವವನು. ಬಾರ್ ರಿಪೇರಿಗೆ ಬಿಚ್ಚಿದ್ದರಿಂದ ಹನ್ನೆರಡು ದಪ್ಪ ಸೀಸೆ ಅಕ್ಕನ ಮನೆಗೆ ಬಂದವು.

"ಅಮೆರಿಕಾದ ಸಣ್ಣ ಕಂಪನಿಯವರು ಮಾಡಿದ ಬಿಯರ್ ಅಕ್ಕಾ. ಆದ್ರ ನಮೂನಿ ಬೆಲ್ಜಿಯಂದು. ಅಲ್ಲಿ ಸನ್ಯಾಸಿಗೋಳು ಮಠದಾಗ ಮಾಡ್ತಾರಂತ, ಇವರು ಅದರ ನಕಲು ಹೊಡದಾರ."

"ಮಠದಾಗ ಸೆರೆ? ಥೂ!"

"ವಾಸನಿ ನೋಡ್ಬೇಕು ನೀ. ಒಂದು ಹಣ್ಣೂ ಹಾಕಿಲ್ಲ, ಬಾಳೆಹಣ್ಣು ಲವಂಗ ಘಮ್ ಅಂತದ. ಎಲ್ಲಾ ಹುದುಗಿನ ಕರಾಮತ್ತು. ತಳದಾಗ ಗಸಿ ಅದಲ್ಲ, ಅದಕ್ಕ ಇನ್ನಾ ಜೀವ ಅದ. ಫ್ರಿಜ್ಜಿನಾಗ ಇಡು."

"ಹಾಲಿನ ಬಾಜೂಕ ಸೆರೆ ಇಡಂಗಿಲ್ಲ."

ಪೆಟ್ಟಿಗೆ ಹಿತ್ತಲಿನ ತಗಡಿನ ಕೋಣೆ ಸೇರಿತು. ಮೇ ತಿಂಗಳು. ಬಾಗಿಲು ಮುಟ್ಟಿದರೆ ಅಂಗೈ ಚುರ್ ಎನ್ನುತ್ತಿತ್ತು. ಅವಳು ಬೀಗ ಹಾಕಲಿಲ್ಲ. ಗಂಡನ ಪರೀಕ್ಷೆಯೂ ಆಗಲಿ ಎಂದು ಸೀಸೆ ಎಣಿಸಿಟ್ಟಳು.

ವಾರ ಕಳೆಯುವುದರೊಳಗೆ ಒಂಬತ್ತೇ ಇದ್ದವು. ಹಿತ್ತಲಿನ ಬಾಳೆಯ ಬುಡದಲ್ಲಿ ಗಾಜಿನ ಚೂರು ಹೂತಿದ್ದವು. ಯಶವಂತನ ಪಾದಕ್ಕೆ ಬಟ್ಟೆ ಸುತ್ತಿತ್ತು.

"ಬಿಸಿಲಿಗೆ ತಾವೇ ಒಡದಾವ, ನೀಲಾ. ಹೇಳಿದ್ರ ನೀ ನಂಬಂಗಿಲ್ಲಂತ ಹುಗದೆ."

ಅವಳು ಇಡೀ ಓಣಿಗೆ ಕೇಳುವಂತೆ ನಕ್ಕಳು. ಗೋಡೆಯಾಚೆಯ ಮೆಹಬೂಬಿಗೂ ಹೇಳಿದಳು. "ಯಾ ಅಲ್ಲಾ! ನಮ್ಮನಿಯಾವನ ಬೀಡಿನೂ ತಾನೇ ಹೊತ್ಕೊಂತದಂತ ನಮ್ಮವ್ವಾ!" ಎಂದು ಮೆಹಬೂಬಿ ಸೆರಗು ಬಾಯಿಗೆ ಹಿಡಿದಳು. ಯಶವಂತ ತಲೆ ತಗ್ಗಿಸಿ ಕುಂಟುತ್ತ ಒಳಗೆ ಹೋದ.

ಅಲ್ಲಿಂದ ಪುರಾವೆಗೆ ಬರಗಾಲವಿರಲಿಲ್ಲ. ಎರಡು ವಾರವಾದರೂ ಪಾದದ ಗಾಯ ಮಾಯಲಿಲ್ಲ. ಕುಡಿದವರ ಮೈ ಹಾಗೆಯೇ. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಕುಡಿದವರಿಗೆ ಅನ್ನ ಮೈಗೆ ಹತ್ತುವುದಿಲ್ಲ. ಬಚ್ಚಲಿನ ಮೂಲೆಯಲ್ಲಿ ಇರುವೆಗಳ ಸಾಲು. ಸಿಹಿ ಬಿಯರು ಅಲ್ಲೇ ಚೆಲ್ಲಿರಬೇಕು. ಈಗ ಬಾಯಲ್ಲಿ ಬಾಳೆಹಣ್ಣು.

ಕೊಡ ಇಳಿಸಿದ ಯಶವಂತ ಅಂಗಳಕ್ಕೆ ಹೋಗಿ ವಾಂತಿ ಮಾಡಿಕೊಂಡ. ಗೋಡೆ ಹಿಡಿದು ನಿಂತ. ನಾಲಿಗೆ ತೊದಲಿತು.

"ನೀಲಾ, ಮೈಯಾಗ ಬರೋಬ್ಬರಿ ಇಲ್ಲ. ದವಾಖಾನಿಗೆ..."

"ಮೊದಲು ನಶಾ ಇಳೀಲಿ."

ರಟ್ಟೆ ಹಿಡಿದು ತಗಡಿನ ಕೋಣೆಗೆ ದಬ್ಬಿದಳು. "ಇನ್ನಾ ಒಂಬತ್ತು ಅವ. ಅವನ್ನೂ ಮುಗಸ್ರಿ."

ಅವಳೇನು ರಾಕ್ಷಸಿಯಲ್ಲ. ನಶೆಗೆ ತವರಿನ ಮದ್ದು ಬೆಲ್ಲದ ಪಾನಕ. ಒಂದು ತಂಬಿಗೆ ಕೊಟ್ಟಳು. ಅವನು ಗಟಗಟ ಕುಡಿದು ಮತ್ತೆ ಕೈ ಚಾಚಿದ. ಇನ್ನೊಂದು ಕೊಟ್ಟಳು. ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಶೀಲಾ ಬಾಗಿಲಿಗೆ ಕಿವಿ ಹಚ್ಚಿದಳು. "ಅಪ್ಪ ಹಂಗ್ಯಾಕ ಉಸರ ಬಿಡಾಕತ್ಯಾನ?"

ಒಳಗೆ ಗರಗಸ ಎಳೆದಂತೆ ಉಸಿರು, ಆಳವಾಗಿ, ಬಿಡುವಿಲ್ಲದೆ. "ಕುಡುಕರ ಗೊರಕಿ ಅದು" ಎಂದಳು ತಾಯಿ.

ಸಂಜೆ ಗೊರಕೆ ನಿಂತಿತು. ನಶೆ ಇಳಿಯಿತೆಂದು ಬಾಗಿಲು ತೆಗೆದಳು. ಎಷ್ಟು ಅಲುಗಿಸಿದರೂ ಅವನು ಕಣ್ಣು ಬಿಡಲಿಲ್ಲ.

ಕಲಬುರಗಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಹೊರಗೆ ಬಂದರು. "ಸಕ್ಕರಿ ಆರುನೂರು ದಾಟಿತ್ತವ್ವಾ. ಈ ರೋಗ ಏರಿದ್ರ ಬಾಯಿ ಹಣ್ಣಿನಂಗ ನಾರತದ. ಮನ್ಯಾಗ ಯಾರೂ ಮೂಗು ಹಚ್ಚಿ ನೋಡಲಿಲ್ಲೇನು?"

"ಕುಡಿದಿದ್ರು ಸಾಹೇಬ್ರ."

"ರಕ್ತದಾಗ ಒಂದು ಹನಿ ಇಲ್ಲ."

ಮರುದಿನ ಮಧ್ಯಾಹ್ನ ಯಶವಂತನನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಬಳಿದಿದ್ದರು. ಬಂದವರಿಗೆಲ್ಲ ನೀಲಗಂಗಮ್ಮ ಒಂದೇ ಮಾತು ಹೇಳಿದಳು. "ನಿನ್ನೆ ಕುಡಿದಿಲ್ಲ, ಖರೆ. ಮೊದಲಿನ ಮೂರು ಸೀಸೆ ಎಲ್ಲಿ ಹೋದವು? ಮಗಳ ತಲಿ ಮುಟ್ಟಿದ ಆಣಿ ಮುರದ್ರ ದೇವರು ಬಿಡ್ತಾನೇನು?"

ಬೆಳಿಗ್ಗೆಯೇ ಶೀಲಾಳನ್ನು ಮೆಹಬೂಬಿಯ ಮನೆಯೊಳಗೆ ಕೂರಿಸಿ ಬಾಗಿಲು ಹಾಕಿಸಿದ್ದಳು. ಅಲ್ಲಿಂದ "ಅಪ್ಪಾ" ಎಂಬ ಕೂಗು ಗೋಡೆ ದಾಟಿ ಬರುತ್ತಿತ್ತು.

"ಅಕ್ಕಾ, ಮಾಮಾನ ಮಾರಿ ಒಂದು ಸಲ ತೋರ್ಸು ಕೂಸಿಗೆ. ಕೈ ಮುಗೀತೀನಿ" ಎಂದ ಶಿವಶರಣ.

"ಆಡಿದ ಮಾತು ಆಡಿದ್ದೇ."

ಹೆಣ ಎತ್ತಿದರು. ಜನ ಓಣಿ ತಿರುಗಿ ಕಣ್ಮರೆಯಾದರು. ಹಿತ್ತಲಲ್ಲಿ ಅವಳೊಬ್ಬಳೇ ಉಳಿದಳು, ಸೊಂಟದಲ್ಲಿ ಕೀಲಿ.

ಮತ್ತೆ ಬೀಗ ಹಾಕಿದ್ದ ತಗಡಿನ ಕೋಣೆಯೊಳಗೆ ಢಂ ಎಂದು ಏನೋ ಸಿಡಿಯಿತು; ಗಾಜು ಚೆಲ್ಲಿದ ಸದ್ದಾಯಿತು, ಬಾಗಿಲ ಸಂದಿಯಿಂದ ಬಾಳೆಹಣ್ಣಿನ ವಾಸನೆಯ ನೊರೆ ಅವಳ ಪಾದದತ್ತ ಹರಿದು ಬಂತು.